ಬಾಗಿಲಿಗೆ ಕಟ್ಟಿದ ಬೆಳೆ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಎಂದೂ ಬೆಳ್ಳಗಿರಲಿಲ್ಲ. ಸೊಪ್ಪು ಚಿವುಟಿ ಚಿವುಟಿ ಅದರ ಸಂದಿಗೆ ಹಸಿರು ಸೇರಿ, ಒಣಗಿ, ಕಪ್ಪಾಗಿ ಕೂತಿತ್ತು. ಮದುವೆ ಮನೆಗೆ ಹೊರಟಾಗ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಹೆಬ್ಬೆರಳನ್ನು ಅವಳು ಒಮ್ಮೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿ, ಅಪ್ಪನ ಮನೆ, ಜಮೀನಿನಲ್ಲಿ ತನಗಿದ್ದ ಪಾಲನ್ನೆಲ್ಲ ನನಗೆ ಬಿಟ್ಟುಕೊಟ್ಟಳು. ಅವಳಿಗಾಗಿ ನಾನು ಒಂದು ಸಹಿ ಹಾಕಬೇಕಾದ ದಿನವೂ ಬಂತು. ಅವಳು ಜೈಲಿನಲ್ಲಿದ್ದಳು. ಜಾಮೀನು ನಿಲ್ಲಲು ಒಡಹುಟ್ಟಿದವನು ನಾನೊಬ್ಬನೇ. ನಾನು ಹೋಗಲಿಲ್ಲ.

ಇದನ್ನು ಮೊದಲೇ ಹೇಳಿಬಿಟ್ಟೆ. ನನ್ನನ್ನು ಬೈಯುವವರು ಬೈಯಲಿ, ತಕರಾರಿಲ್ಲ. ಆದರೆ ಗುಡ್ಡದ ಮೇಲೆ ಗಾಂಜಾ ಬೆಳೆದವಳು ಎಂಬ ಒಂದೇ ಮಾತಿನಲ್ಲಿ ಅಕ್ಕನನ್ನು ಮುಗಿಸಿಬಿಡುವವರು ಮಿಕ್ಕಿದ್ದನ್ನೂ ಕೇಳಬೇಕು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ಬರೆಯುವುದು ನಿಧಾನ. ಆದರೂ ಬರೆಯುತ್ತೇನೆ.

ನಮ್ಮದು ದೊಡ್ಡನೆಕ್ಕುಂದಿಯ ಹಳೆಯ ಮನೆ. ಫ್ಯಾಕ್ಟರಿಗಳು ಬರುವ ಮುಂಚೆ ರಾಗಿ, ಅವರೆ ಬೆಳೆಯುತ್ತಿದ್ದೆವು, ಕೆರೆಯ ಹಿಂದಿನ ತುಂಡಿನಲ್ಲಿ ಸೊಪ್ಪು. ನನಗೆ ಐದು ವರ್ಷವಿದ್ದಾಗ ಅಮ್ಮ ಹೋದಳು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಿ ಹೊಸಕೋಟೆ ಕಡೆಗೆ ಹೋದವಳು ಮುಂದಿನ ಯುಗಾದಿಯ ಹೊತ್ತಿಗೆ ಟ್ರಂಕು ಹಿಡಿದು ವಾಪಸು ಬಂದಳು. ಯಾಕೆಂದು ಅಪ್ಪ ಕೇಳಿದ್ದಕ್ಕೆ, "ಅವರಿಗೆ ಬೇಕಾಗಿದ್ದು ಪಾತ್ರೆ ತೊಳೆಯೋಳು. ನಂಗೆ ಹೊಲ ಬೇಕು," ಎಂದಳು. ಆ ವಿಷಯ ಅಲ್ಲಿಗೇ ಮುಗಿಯಿತು. ಮರುದಿನ ಬೆಳಿಗ್ಗೆ ಸೊಪ್ಪಿನ ಮಡಿಯಲ್ಲಿ ಕುಳಿತು ಕಳೆ ಕೀಳುತ್ತಿದ್ದಳು.

ಬೆಳಗಿನ ಮೊದಲ ಬಸ್ಸಿಗೆ ಮೂಟೆ ಹಾಕಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಓದು ಬಾರದವಳು ಅಲ್ಲಿ ಮೂರು ಭಾಷೆ ಕಲಿತಳು. "ಔರ್ ಏಕ್ ಕಟ್ಟು ದೇವ್ ಅಕ್ಕಾ," ಎಂದು ಯಾರಾದರೂ ಚೌಕಾಸಿಗೆ ನಿಂತರೆ, "ಕಟ್ಟು ಲೇವ್, ಬಾತಾಂ ನಕ್ಕೋ," ಎಂದು ಮಾತು ಬೆಳೆಸದೆ ಒಂದು ಕಟ್ಟು ಎಸೆಯುತ್ತಿದ್ದಳು. ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿ ಹೊಸದೆಂದು ಮಾರುವುದು ಅಲ್ಲಿ ಎಲ್ಲರೂ ಮಾಡುವ ಕೆಲಸ. ಅಕ್ಕ ಬಾಡಿದ್ದನ್ನು ಬೇರೆ ರಾಶಿ ಹಾಕಿ, "ಇದು ನಿನ್ನೆದು, ಹಸುಗೆ ಬೇಕಾದ್ರೆ ಒಯ್ಯಿ," ಎನ್ನುತ್ತಿದ್ದಳು. ನಾನು ಶಾಲೆ ತಪ್ಪಿಸಿದಾಗ ದಂಟಿನ ಸೊಪ್ಪಿನ ಕಡ್ಡಿಯಲ್ಲಿ ಹೊಡೆಯುತ್ತಿದ್ದಳು. ಕಡ್ಡಿ ಮುರಿದರೆ ಅದನ್ನೇ ಸಾರಿಗೆ ಹಾಕುತ್ತಿದ್ದಳು.

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಒಂದು ಪದ್ಧತಿ ಇತ್ತು. ಯಾವ ಬೆಳೆಯಾದರೂ ಮೊದಲು ಕೊಯ್ದ ಹಿಡಿಯನ್ನು ತಲೆಬಾಗಿಲ ಮೇಲಿನ ಮೊಳೆಗೆ ಕಟ್ಟಬೇಕು. ಕಟ್ಟಿದ ಮೇಲೆಯೇ ಒಲೆಗೆ, ಮಾರ್ಕೆಟ್ಟಿಗೆ. ರಾಗಿಯ ತೆನೆ, ಅವರೆಯ ಬಳ್ಳಿ, ರಾಗಿ ನಿಂತ ಮೇಲೆ ಬರೀ ಸಬ್ಬಸಿಗೆಯ ಕಟ್ಟು. ಗುಬ್ಬಿಗಳು ಬಂದು ತಿನ್ನುತ್ತಿದ್ದವು. ದಾರಿಯಲ್ಲಿ ಹೋಗುವವರು ತಲೆ ಎತ್ತಿ ನೋಡಿ, ಈ ಸಲ ನಿಮ್ಮದು ಚೆನ್ನಾಗಿ ಬಂದಿದೆ ಎನ್ನುತ್ತಿದ್ದರು. ನನಗೆ ಅದು ಹಳ್ಳಿಯ ಒಂದು ಶಾಸ್ತ್ರ. ಅಕ್ಕನಿಗೆ ಹಾಗಲ್ಲ ಎಂದು ನನಗೆ ತುಂಬಾ ತಡವಾಗಿ ಗೊತ್ತಾಯಿತು.

ಅಪ್ಪ ಹೋದ ಮೇಲೆ ಕೊನೆಯ ತುಂಡು ಜಮೀನನ್ನೂ ಕೊಡಿ ಎಂದು ಬಿಲ್ಡರ್ ಬಂದ. ನಮ್ಮ ಕಡೆ ಹೆಣ್ಣುಮಕ್ಕಳು ಹಕ್ಕು ಬಿಟ್ಟು ಬರೆದುಕೊಡುವುದು, ಗಂಡುಮಕ್ಕಳು ಸೀರೆ ಅರಿಶಿನ ಕುಂಕುಮ ಕೊಡುವುದು ರೂಢಿ. ಅಕ್ಕ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಕುಳಿತು ಹೆಬ್ಬೆರಳು ಒತ್ತಿದಳು. ಬೆರಳಿನ ಗುರುತು ಸರಿಯಾಗಿ ಬರುತ್ತಿಲ್ಲ ಎಂದು ಅಲ್ಲಿನ ಗುಮಾಸ್ತ ಎರಡೆರಡು ಸಲ ಒತ್ತಿಸಿದ. "ಸವೆದೋಗಿದೆ ಸ್ವಾಮಿ, ಮಣ್ಣಲ್ಲಿ," ಎಂದಳು. ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಮೊಳೆ ಮಾತ್ರ ಬಿಡಬೇಡ. ಹೊಸ ಮನೆಗೂ ಹೊಡೆದುಕೋ."

ಜಮೀನಿನ ದುಡ್ಡಿನಲ್ಲಿ ಹಳೆಯ ಮನೆ ಕೆಡವಿ ಹೊಸದಾಗಿ ಕಟ್ಟಿದ್ದು ನಾಲ್ಕು ಅಂತಸ್ತು. ಮೇಲೆ ಬಾಡಿಗೆಯ ಕೋಣೆಗಳು, ನಡುವೆ ನಾವು, ಕೆಳಗೆ ವೈನ್ ಶಾಪು, ಅದರ ಪಕ್ಕದಲ್ಲಿ ರಸ್ತೆಗೆ ತೆರೆಯುವ ತಲೆಬಾಗಿಲು. ಹಳೆಯ ಮೊಳೆಯನ್ನು ಅದರ ಮೇಲೆ ಹೊಡೆಸಿದೆ. ಅಕ್ಕನಿಗೆ ಒಂದು ಕೋಣೆ ಕೊಟ್ಟೆ. ಅವಳು ಟೆರೇಸಿನ ಮೇಲೆ ಬಕೆಟ್ಟಿನಲ್ಲಿ ಮೆಂತ್ಯ ಹಾಕಿದಳು. ನೀರು ಸೋರಿ ಕೆಳಗಿನ ಗೋಡೆ ತೇವವಾಗುತ್ತದೆ ಎಂದು ನನ್ನ ಹೆಂಡತಿ ಗೊಣಗಿದಳು. ಅಕ್ಕ ಬಕೆಟ್ಟುಗಳನ್ನು ಬೋರಲು ಹಾಕಿಟ್ಟಳು.

"ಬಕೆಟ್ಟಲ್ಲಿ ಬೆಳೆಯೋದು ಆಟ ಕಣೋ. ನಂಗೀಗ ಆಡೋ ವಯಸ್ಸಾ?"

ಒಂದು ದಿನ ಟ್ರಂಕು ಮತ್ತೆ ಹೊರಟಿತು. ಚಿಂತಾಮಣಿ ದಾಟಿ ಆಂಧ್ರದ ಗಡಿಯ ಕಡೆ, ಬಸ್ಸು ಇಳಿದು ಎರಡು ಗಂಟೆ ನಡೆಯಬೇಕಾದ ಗುಡ್ಡ. ಮಾರ್ಕೆಟ್ಟಿನಲ್ಲಿ ಪರಿಚಯವಾದ ಒಬ್ಬ ತೆಲುಗು ತಾತನ ಹೊಲ ಅದರ ಬುಡದಲ್ಲಿತ್ತು. ತೊಗರಿ ಬಿತ್ತಿ ಅರ್ಧ ಕೊಡುತ್ತೇನೆಂದು ಮಾತಾಡಿಕೊಂಡು, ಹೊಲದ ಗುಡಿಸಲಿನಲ್ಲಿ ಇದ್ದುಬಿಟ್ಟಳು. ತೊಗರಿ ಹೊಲದಿಂದ ಮೇಲಕ್ಕೆ, ಗುಡ್ಡದ ಮಡಿಲುಗಳಲ್ಲಿ ಅವಳ ಬೇರೆ ಮೂರು ತುಂಡು ಇದ್ದದ್ದು ನಾನು ಅಲ್ಲಿಗೆ ಹೋದಾಗಲೇ ಗೊತ್ತಾಗಿದ್ದು.

ನಾನು ಹೋದದ್ದು ಗೌರಿ ಹಬ್ಬಕ್ಕೆ ಬಾಗಿನದ ಸೀರೆ ಹಿಡಿದುಕೊಂಡು. ಅಕ್ಕ ನನ್ನನ್ನು ಬಂಡೆಗಳ ನಡುವೆ ಮೇಲಕ್ಕೆ ಕರೆದೊಯ್ದಳು. ಐವತ್ತೆಂಟರ ಹೆಂಗಸು ಆಡಿನ ಹಾಗೆ ಹತ್ತುತ್ತಿದ್ದಳು, ನಾನು ಏದುಸಿರು ಬಿಡುತ್ತಿದ್ದೆ. ಕಣಿವೆ ತಿರುಗಿದ ಕೂಡಲೇ ವಾಸನೆ ಬಂತು. ಎದೆಯೆತ್ತರದ ಗಾಂಜಾ ಗಿಡಗಳು, ಎಲ್ಲವೂ ಸಾಲಾಗಿ. ಕಲ್ಲು ಆರಿಸಿ ಏರಿ ಕಟ್ಟಿದ್ದಳು, ಸುತ್ತ ಹಂದಿಗೆ ಮುಳ್ಳಿನ ಬೇಲಿ. ಆರಿದ್ರಾ ಮಳೆಗೆ ಮೊಳೆತದ್ದು, ನಡುವೆ ಮಳೆ ಕೈಕೊಟ್ಟಾಗ ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿದ್ದು ಎಂದಳು. ಆ ವಾರ ಗಂಡು ಗಿಡ ಕೀಳುವ ಕೆಲಸ ನಡೆದಿತ್ತು. ಒಂದೊಂದರ ಗಿಣ್ಣನ್ನೂ ಆ ಕಪ್ಪು ಉಗುರಿನಿಂದ ಬಿಡಿಸಿ ನೋಡಿ, ಕಿತ್ತು ಪಕ್ಕಕ್ಕೆ ಹಾಕುತ್ತಿದ್ದಳು. ನಾನು ಭಯಪಟ್ಟು ಸುತ್ತ ನೋಡುತ್ತಿದ್ದೆ. ಅವಳು ಸಾಲು ನೋಡುತ್ತಿದ್ದಳು.

"ಅಕ್ಕ, ಇದು ಬೇಕಿತ್ತಾ ನಿಂಗೆ? ನಮ್ಮನೇಲಿ ಊಟಕ್ಕೆ ಗತಿ ಇರಲಿಲ್ವಾ?"

"ಊಟಕ್ಕಲ್ಲ ಕಣೋ. ತೊಗರಿ ಹಾಕಿದ್ರೆ ಮನೆಗೆ ಹೋಗಿ ಮಲಗು ಅನ್ನುತ್ತೆ. ಇದು ಆರು ತಿಂಗಳು ಕೈ ಹಿಡಿದು ಕೂರಿಸುತ್ತೆ. ನಂಗೆ ಅದು ಬೇಕು."

"ಯಾರ ಮನೆ ಮಕ್ಕಳೋ ಸೇದಿ ಹಾಳಾಗ್ತಾರೆ."

ಅವಳು ಕೈಯಲ್ಲಿದ್ದ ಗಿಡ ಕೆಳಗಿಟ್ಟಳು.

"ನಿನ್ನ ಮನೆ ಕೆಳಗೆ ಬೆಳಗಾಗೆದ್ದು ಶಟರ್ ಮುಂದೆ ನಿಂತಿರ್ತಾರಲ್ಲ, ಅವರು ಯಾರ ಮನೆ ಮಕ್ಕಳು? ಅದಕ್ಕೆ ಬೋರ್ಡ್ ಇದೆ, ಲೈಟ್ ಇದೆ. ನಂದಕ್ಕೆ ಬೋರ್ಡಿಲ್ಲ. ಅಷ್ಟೇ ತಾನೇ? ಅಜ್ಜಿ ಕೊಟ್ಟಿಗೆ ಪಕ್ಕ ಎರಡು ಗಿಡ ಇಟ್ಟಿದ್ದಳು, ದನಕ್ಕೆ ಹೊಟ್ಟೆ ಉಬ್ಬರಿಸಿದ್ರೆ ಅರೆದು ಹಾಕ್ತಿದ್ದಳು. ಅವಳನ್ನ ಯಾರು ಹಿಡಿದ್ರು? ತಪ್ಪಿಲ್ಲ ಅಂತ ನಾನು ಹೇಳಲ್ಲ. ತಪ್ಪಿದ್ರೆ ಅದರಲ್ಲಿ ನಂದೆಷ್ಟು, ನಿಂದೆಷ್ಟು, ಅಳೆಯೋರು ಸರಿಯಾಗಿ ಅಳೀಲಿ."

ಬಾಗಿನದ ಸೀರೆ ಅವಳ ಕೈಗಿಟ್ಟು ಗುಡ್ಡ ಇಳಿದೆ. ವೈನ್ ಶಾಪು ಇನ್ನೂ ಇದೆ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅಕ್ಕ ಚೀಲ ಹಿಡಿದು ಮನೆಗೆ ಬಂದಳು. ಒಳಗೆ ಬರಲಿಲ್ಲ. ಸ್ಟೂಲು ತರಿಸಿ, ಹತ್ತಿ, ಮೊಳೆಗೆ ಒಂದು ಹಿಡಿ ಕಟ್ಟಿದಳು. ತೊಗರಿ ಕಾಯಿಯ ರೆಂಬೆ, ನಡುವೆ ಮೊಗ್ಗು ಒತ್ತಾಗಿ ಕಟ್ಟಿದ್ದ ಆ ಗಿಡದ ಒಂದು ಕುಡಿ. ವರ್ಷಗಳಿಂದ ಖಾಲಿ ಇದ್ದ ಮೊಳೆ.

"ಅಕ್ಕ, ತೆಗಿ ಅದನ್ನ. ಬಾಡಿಗೆಯವರು ಓಡಾಡ್ತಾರೆ."

"ಬೆಳೆ ಅಂದ್ಮೇಲೆ ಬಾಗಿಲಿಗೆ ಕಟ್ಟಬೇಕು," ಎಂದಳು. "ಕಟ್ಟದೆ ಮಾರಿದ್ರೆ ಅದು ಕಳ್ಳತನ ಆಗುತ್ತೆ. ನಾನು ಕಳ್ಳಿ ಅಲ್ಲ."

ಸ್ಟೂಲಿನಿಂದ ಇಳಿದು, ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ಹೋದಳು. ಅವಳು ಮಾಡಿದ ತಪ್ಪು ಅದೊಂದೇ. ಆರು ತಿಂಗಳು ಯಾರ ಕಣ್ಣಿಗೂ ಬೀಳದ ಹಾಗೆ ಗುಡ್ಡದಲ್ಲಿ ಕಾಪಾಡಿದ್ದನ್ನು ತಂದು ದೊಡ್ಡನೆಕ್ಕುಂದಿಯ ರಸ್ತೆಗೆ ಮುಖ ಮಾಡಿ ಕಟ್ಟಿದ್ದಳು. ಅವಳು ಹೋದ ಮೇಲೆ ನಾನಾದರೂ ಅದನ್ನು ತೆಗೆಯಬಹುದಿತ್ತು. ಸಂಜೆ ತೆಗೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಮೇಲಿನ ಕೋಣೆಯ ಒಬ್ಬ ಬಾಡಿಗೆದಾರ ಕೆಳಗೆ ನಿಂತು ನಗುತ್ತಾ ಫೋಟೋ ತೆಗೆದ. "ಅಂಕಲ್, ಸೂಪರ್ ತೋರಣ," ಎಂದ. ಆ ಫೋಟೋ ಯಾರ ಯಾರ ಫೋನಿಗೆ ಹೋಯಿತೋ, ಎರಡು ದಿನಕ್ಕೆ ಮಫ್ತಿಯ ಪೊಲೀಸರಿಬ್ಬರು ಮನೆಗೆ ಬಂದರು.

ನಾನು ಜಾಮೀನಿಗೆ ಹೋಗದ ವಿಷಯ ಆಮೇಲೆ ನಮ್ಮ ನೆಂಟರಿಗೆ ಹೇಗೋ ಗೊತ್ತಾಯಿತು. ಆದರೆ ಈಗ ಹೇಳುವುದನ್ನು ನನ್ನ ಹೆಂಡತಿಗೂ ಬಹಳ ಕಾಲ ಹೇಳಿರಲಿಲ್ಲ. ಆ ಪೊಲೀಸರು ನನಗೆ ಒಂದು ಏಟು ಹೊಡೆಯಲಿಲ್ಲ, ಒಂದು ಬೈಗುಳ ಬೈಯಲಿಲ್ಲ. ಸೋಫಾದ ಮೇಲೆ ಕುಳಿತು ಕಾಫಿ ಕುಡಿಯುತ್ತಾ, "ಎಲ್ಲಿಂದ ಬಂತು ಯಜಮಾನ್ರೆ?" ಎಂದು ಕೇಳಿದರು. ನನ್ನ ಮಗಳಿಗೆ ಸಿ.ವಿ. ರಾಮನ್ ನಗರದ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗನ ತಂದೆ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮರ್ಯಾದಸ್ಥರು. ಕೆಳಗೆ ವೈನ್ ಶಾಪಿನ ಲೈಸೆನ್ಸು. ನನ್ನ ಕಣ್ಣಿಗೆ ಇವೆರಡೇ ಕಂಡವು. ಅವರ ಕಾಫಿ ಮುಗಿಯುವುದರೊಳಗೆ ಬಸ್ಸು ಯಾವುದು, ಎಲ್ಲಿ ಇಳಿಯಬೇಕು, ಯಾವ ಬಂಡೆಯ ಹತ್ತಿರ ಎಡಕ್ಕೆ ತಿರುಗಬೇಕು ಎಲ್ಲವನ್ನೂ ಹೇಳಿ ಮುಗಿಸಿದ್ದೆ.

ಮೂರು ತುಂಡನ್ನೂ ಕಿತ್ತು ಸುಟ್ಟರು. ಅಕ್ಕನನ್ನು ಅಲ್ಲಿನ ಕೋರ್ಟಿಗೆ ಒಪ್ಪಿಸಿ ಜೈಲಿಗೆ ಕಳಿಸಿದರು. ನಾನು ಒಬ್ಬ ವಕೀಲರನ್ನು ಇಟ್ಟೆ, ಅಷ್ಟು ಮಾಡಿದೆ. ಒಂದು ವಾರಕ್ಕೆ ಅವರ ಫೋನು ಬಂತು.

"ನಿಮ್ಮಕ್ಕನಿಗೆ ಸ್ವಲ್ಪ ಬುದ್ಧಿ ಹೇಳ್ರೀ. ಗುಡ್ಡದ ಜಾಗ ಅವರ ಹೆಸರಲ್ಲಿಲ್ಲ. ಗಿಡ ತಾನಾಗೇ ಹುಟ್ಟಿದ್ದು, ಹಕ್ಕಿ ತಂದು ಹಾಕಿದ ಬೀಜ, ನಂಗೇನೂ ಗೊತ್ತಿಲ್ಲ ಅಂದ್ರೆ ಕೇಸು ಹಗುರ ಆಗುತ್ತೆ. ಆಯಮ್ಮ ಏನಂತಾರೆ ಗೊತ್ತಾ?"

"ಏನಂದ್ಲು ಸಾರ್?"

"ಹಕ್ಕಿ ಹಾಕಿದ ಬೀಜ ಸಾಲಿಗೆ ಬರುತ್ತಾ ಸ್ವಾಮಿ, ಅಂತ ನನ್ನನ್ನೇ ಕೇಳ್ತಾರೆ. ಸಾಲು ನಾನು ಹಿಡಿದಿದ್ದು, ಹಕ್ಕಿ ಹೆಸರು ಯಾಕೆ ಹೇಳಲಿ ಅಂತಾರೆ. ನನ್ನ ಸರ್ವೀಸಲ್ಲಿ ಇಂಥ ಕಕ್ಷಿದಾರರನ್ನ ನೋಡಿಲ್ಲ."

ಫೋನಿನಲ್ಲಿ ನಾನು ನಕ್ಕುಬಿಟ್ಟೆ. ಇಟ್ಟ ಮೇಲೆ ಅತ್ತೆ.

ಆದರೂ ಜಾಮೀನು ಸಿಕ್ಕಿತು. ಆಸ್ತಿ ಇರುವವರೊಬ್ಬರು ಬಂದು ನಿಲ್ಲಬೇಕು ಎಂದು ಕೋರ್ಟು ಹೇಳಿತು. ಖಾತಾ, ತೆರಿಗೆ ರಸೀದಿ, ಆಧಾರ್ ತೆಗೆದುಕೊಂಡು ಹನ್ನೊಂದು ಗಂಟೆಗೆ ಬನ್ನಿ ಎಂದರು ವಕೀಲರು. ಆ ಖಾತಾ ನನ್ನ ಒಬ್ಬನ ಹೆಸರಿನಲ್ಲಿ ಇದ್ದದ್ದೇ ಅಕ್ಕನ ಹೆಬ್ಬೆಟ್ಟಿನಿಂದ. ಕಾಗದಗಳನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಕೆ.ಆರ್. ಪುರದವರೆಗೆ ಹೋದೆ. ಅಲ್ಲಿ ಚಿಂತಾಮಣಿ ಬಸ್ಸು ನಿಲ್ಲುವ ಕಡೆ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ಮಾರನೆಯ ದಿನ ಹುಡುಗನ ಕಡೆಯವರು ನಿಶ್ಚಿತಾರ್ಥದ ಮಾತಿಗೆ ಬರುವವರಿದ್ದರು. ಕೋರ್ಟಿನ ಕಾಗದದಲ್ಲಿ ನನ್ನ ಹೆಸರು, ನನ್ನ ಮನೆಯ ವಿಳಾಸ, ಗಾಂಜಾ ಕೇಸಿನ ನಂಬರು ಒಂದೇ ಸಾಲಿನಲ್ಲಿ ಬರುತ್ತವೆ ಎಂಬುದು ತಲೆಯಲ್ಲಿ ಸುತ್ತುತ್ತಿತ್ತು. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಕಂಡಕ್ಟರ್, "ಬರ್ತೀರಾ ಇಲ್ವಾ?" ಎಂದು ಕೇಳಿದ. ತಲೆ ಅಲ್ಲಾಡಿಸಿದೆ. ಮೂರನೆಯದೂ ಹೋದ ಮೇಲೆ ಫೋನ್ ಆಫ್ ಮಾಡಿ ಮನೆಗೆ ವಾಪಸು ನಡೆದೆ.

ಕೊನೆಗೆ ಜಾಮೀನು ನಿಂತವನು ಆ ತೆಲುಗು ತಾತ. ಅವನ ಪಹಣಿ ಸತ್ತ ಅಪ್ಪನ ಹೆಸರಿನಲ್ಲೇ ಇತ್ತು. ಅದನ್ನು ತನ್ನ ಹೆಸರಿಗೆ ಮಾಡಿಸಲು ಆ ಮುದುಕ ತಾಲ್ಲೂಕು ಕಚೇರಿಗೆ ನಾಲ್ಕು ತಿಂಗಳು ತಿರುಗಿದ. ನಾನು ಬಸ್ಸು ಹತ್ತಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಅಕ್ಕ ನಾಲ್ಕು ತಿಂಗಳು ಒಳಗಿದ್ದಳು. ಮಗಳ ಮದುವೆ ಆ ನಾಲ್ಕು ತಿಂಗಳಲ್ಲೇ ನಡೆಯಿತು. ಹುಡುಗಿಯ ಸೋದರತ್ತೆ ಎಲ್ಲಿ ಎಂದು ಬೀಗರು ಕೇಳಿದಾಗ, ಆಶ್ರಮ ಸೇರಿದ್ದಾರೆ, ಸಂಸಾರ ಬೇಡವೆಂದು ಬಿಟ್ಟವರು ಎಂದೆ. ಸೊಪ್ಪು ಬಾಡಿದರೆ ಬಾಡಿದೆ ಎಂದು ಹೇಳಿ ಮಾರುತ್ತಿದ್ದವಳ ತಮ್ಮ ನಾನು.

ಅವಳು ಹೊರಗೆ ಬಂದು ಗುಡ್ಡಕ್ಕೇ ಹೋದಳು. ನಾನು ಹೋಗಿ ನೋಡಲು ಒಂದು ವರ್ಷ ತೆಗೆದುಕೊಂಡೆ. ತೊಗರಿ ಹೊಲದ ನಡುವೆ ಕುಡುಗೋಲು ಹಿಡಿದು ನಿಂತಿದ್ದಳು. ತೆಳ್ಳಗಾಗಿದ್ದಳು, ಕೂದಲು ಪೂರ್ತಿ ಬೆಳ್ಳಗೆ. ಉಗುರು ಮಾತ್ರ ಹಾಗೇ ಇತ್ತು. ಪಕ್ಕದಲ್ಲಿದ್ದ ತಾತ ನನ್ನನ್ನು ನೋಡಿ, "ವಚ್ಚಾಡಮ್ಮಾ ನೀ ತಮ್ಮುಡು," ಎಂದು ತಮ್ಮ ಬಂದದ್ದನ್ನು ತೆಲುಗಿನಲ್ಲಿ ಹೇಳಿ ಎದ್ದು ಹೋದ. ಹೋಗುವಾಗ ನನ್ನ ಹತ್ತಿರ ನಿಂತು, ಅರ್ಧ ಕನ್ನಡದಲ್ಲಿ, "ಆವತ್ತು ಕೋರ್ಟಲ್ಲಿ ನಿಮ್ಮಕ್ಕ ಮೂರು ಸಲ ಬಾಗಿಲು ಕಡೆ ನೋಡಿತು. ಆಮೇಲೆ ನೋಡಲಿಲ್ಲ," ಎಂದ.

ಅಕ್ಕ ಮುದ್ದೆ, ತೊಗರಿಕಾಳಿನ ಸಾರು ಬಡಿಸಿದಳು. ನಾನು ಬಾಯಿ ತೆರೆದಾಗಲೆಲ್ಲ ಇನ್ನೊಂದು ಸೌಟು ಸಾರು ಹಾಕಿದಳು. ಕೊನೆಗೆ ತಟ್ಟೆ ಪಕ್ಕಕ್ಕೆ ಸರಿಸಿ, "ಅಕ್ಕ, ಬಂಡೆ ಹತ್ತಿರ ಎಡಕ್ಕೆ ತಿರುಗಿ ಅಂತ ಅವರಿಗೆ ಹೇಳಿದ್ದು..." ಎಂದೆ.

"ಗೊತ್ತು. ಆ ದಾರೀಲಿ ನಾನು ಕರೆದುಕೊಂಡು ಹೋಗಿದ್ದು ನಿನ್ನೊಬ್ಬನ್ನೇ."

"ಮತ್ತೆ ಜಾಮೀನಿಗೆ..."

"ಸಾಕು ನಿಲ್ಲಿಸು." ಅವಳ ದನಿ ಏರಲಿಲ್ಲ. "ಇಲ್ಲಿ ಹೇಳಬೇಡ. ಇಲ್ಲಿ ಯಾರಿದ್ದಾರೆ ಕೇಳೋಕೆ, ನಾನು, ಈ ಕಲ್ಲು. ಯಾರಿಗೂ ಕಾಣದ ಹಾಗೆ ಗುಡ್ಡ ಹತ್ತಿ ಬಂದು ತಪ್ಪಾಯ್ತು ಅಂತೀಯ, ಇಳಿದು ಹೋಗಿ ಅಕ್ಕ ಆಶ್ರಮದಲ್ಲಿದ್ದಾಳೆ ಅಂತೀಯ. ಹೇಳೋದಿದ್ರೆ ನಿನ್ನ ಬಾಗಿಲಲ್ಲಿ ನಿಂತು ಹೇಳು. ಆವಾಗ ಕೇಳ್ತೀನಿ."

ಆಶ್ರಮದ ಮಾತು ಅವಳಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಸ್ಸಿಗೆ ಕಳಿಸುವಾಗ ಒಂದು ಚೀಲ ತೊಗರಿ ಕೊಟ್ಟಳು. "ಮಗಳಿಗೆ ಕೊಡು. ಅತ್ತೆ ಬೆಳೆದಿದ್ದು ಅಂತ ಹೇಳಿ ಕೊಡು." ನಾನು ಕೊಟ್ಟೆ, ಹೇಳಲಿಲ್ಲ.

ಈ ಸಲದ ತೊಗರಿ ಕೊಯ್ಲಿಗೆ ಮುಂಚೆ, ಬೆಳಿಗ್ಗೆ ಹೊಲದಲ್ಲಿ ಕುಳಿತವಳು ಏಳಲಿಲ್ಲ. ಎದೆನೋವು ಎಂದರು. ಕೇಸು ಇನ್ನೂ ನಡೆಯುತ್ತಿತ್ತು. ಆರೋಪಿ ತೀರಿಕೊಂಡಿದ್ದಾರೆ ಎಂದು ಬರೆದು ಅದನ್ನು ಮುಚ್ಚಿದರು. ಅಕ್ಕ ಕೊನೆಯವರೆಗೂ ಗಿಡ ತನ್ನದಲ್ಲ ಎಂದು ಹೇಳಲಿಲ್ಲ.

ಅವಳನ್ನು ದೊಡ್ಡನೆಕ್ಕುಂದಿಗೆ ತಂದು ಮಣ್ಣು ಮಾಡಿದೆವು. ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೋ ಬೇಕಾಯಿತು. ಮನೆಯೆಲ್ಲ ಹುಡುಕಿದರೂ ಅವಳದೊಂದು ಫೋಟೋ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಹಕ್ಕು ಬಿಟ್ಟ ಪತ್ರದಲ್ಲಿ, ಅಂಚೆ ಚೀಟಿಯಷ್ಟು. ಅದನ್ನೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆ. ಪಕ್ಕದಲ್ಲಿದ್ದ ಹೆಬ್ಬೆಟ್ಟಿನ ಗುರುತಿನ ಒಂದು ಅಂಚೂ ಅದರ ಜೊತೆ ಬಂದಿತ್ತು. ಕತ್ತರಿಸಿಬಿಡಲೇ ಎಂದು ಸ್ಟುಡಿಯೋದವನು ಕೇಳಿದ. ಇರಲಿ ಎಂದೆ.

ಆ ದಿನ ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದೆ. ತಲೆಬಾಗಿಲ ಪಕ್ಕದಲ್ಲಿ ಫೋಟೋ, ಮುಂದೆ ಎಲೆಯ ಮೇಲೆ ಎಡೆ. ನೆಂಟರು, ಬಾಡಿಗೆಯವರು, ವೈನ್ ಶಾಪಿನವರು, ಗುಡ್ಡದಿಂದ ಬಂದ ತಾತ, ಎಲ್ಲರೂ ಇದ್ದರು. ತಾತ ಒಂದು ಹಿಡಿ ತೊಗರಿ ರೆಂಬೆ ತಂದು ನನ್ನ ಕೈಗೆ ಕೊಟ್ಟ. ಅವಳು ಬೆಳೆದ ಕೊನೆಯ ಬೆಳೆ, ಇನ್ನೂ ಯಾವ ಬಾಗಿಲಿಗೂ ಕಟ್ಟಿರಲಿಲ್ಲ. ಬೀಗರು ಕೈಮುಗಿದು ಬಂದು ನನ್ನ ಹೆಗಲು ಹಿಡಿದರು.

"ಪುಣ್ಯಾತ್ಮರು ಬಿಡಿ. ಆಶ್ರಮದಲ್ಲಿ ಸೇವೆ ಮಾಡ್ತಾ ಮಾಡ್ತಾನೇ ಹೋದ್ರು."

ಕೈಯಲ್ಲಿ ತೊಗರಿ ಇತ್ತು, ತಲೆಯ ಮೇಲೆ ಮೊಳೆ ಇತ್ತು. ನನ್ನ ಹೆಂಡತಿ ಕಣ್ಣಲ್ಲೇ ಬೇಡ ಎಂದಳು. ನಾನು ಸ್ಟೂಲು ಹತ್ತಿ ರೆಂಬೆ ಕಟ್ಟಿದೆ. ಇಳಿಯದೆ ಅಲ್ಲೇ ನಿಂತು, ರಸ್ತೆಯವರಿಗೂ ಕೇಳುವ ಹಾಗೆ ಹೇಳಿದೆ.

"ಬೀಗರೇ, ನಮ್ಮಕ್ಕ ಆಶ್ರಮದಲ್ಲಿರಲಿಲ್ಲ. ಜೈಲಲ್ಲಿದ್ದಳು. ಗುಡ್ಡದ ಮೇಲೆ ಗಾಂಜಾ ಬೆಳೆದಿದ್ದಳು, ಬೆಳೆದೆ ಅಂತ ಕೋರ್ಟಲ್ಲೂ ಹೇಳಿದಳು. ಸುಳ್ಳು ಹೇಳಿದ್ದು ನಾನು. ಈ ಮನೆ ಅವಳ ಹೆಬ್ಬೆಟ್ಟಿನ ಮೇಲೆ ನಿಂತಿದೆ. ನೀವು ಮಗಳನ್ನ ಏನಾದ್ರೂ ಅನ್ನೋದಿದ್ರೆ ನನಗನ್ನಿ."

ಬೀಗರು ಒಂದು ಹೆಜ್ಜೆ ಹಿಂದೆ ಸರಿದರು. ಪಕ್ಕದ ವೈನ್ ಶಾಪಿನ ಮುಂದೆ ನಿಂತಿದ್ದವರೂ ತಲೆ ಎತ್ತಿ ನೋಡುತ್ತಿದ್ದರು. ಇಳಿದು ಫೋಟೋದ ಮುಂದೆ ನಿಂತೆ.

"ಅಕ್ಕ, ದಾರಿ ತೋರಿಸಿಕೊಟ್ಟೋನು ನಾನೇ. ಬಸ್ಸು ಹತ್ತದೆ ಕೂತೋನೂ ನಾನೇ. ಬಾಗಿಲಲ್ಲೇ ನಿಂತು ಹೇಳ್ತಿದ್ದೀನಿ, ನೋಡು. ತಪ್ಪಾಯ್ತು ಅಕ್ಕ."